ಮೂಲೆಯಿಲ್ಲದ ಕಂಬಳಿ

ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಬೇವಿನ ವಾಸನೆ ಗಮ್ಮೆಂದು ಬಂತು.

ಸೋನಾಲಿಗೆ ಒಂದು ಗಳಿಗೆ ಹಿತವೆನಿಸಿತು. ಮರಾಠಿ ಸೀಮೆಯೊಳಗಿನ ಬಸರಿಮಟ್ಟಿಯ ಕನ್ನಡ ಶಾಲೆಯಲ್ಲಿ ಯಾವ ಕಪಾಟು ತೆಗೆದರೂ ಹಳೆಯ ಧೋತರದ ಚೂರಿನಲ್ಲಿ ಬೇವಿನೆಲೆ ಕಟ್ಟಿದ ಪುಟ್ಟ ಗಂಟೊಂದು ಸಿಗುವುದು. ಹುಳು ಹತ್ತದಿರಲೆಂದು ಇಟ್ಟದ್ದು. ಕಂಬಳಿ ಎತ್ತುವಾಗ ಅಂಥದೇ ಗಂಟು ಮಡಿಕೆಯಿಂದ ಜಾರಿ ನೆಲಕ್ಕೆ ಬಿತ್ತು. ಕಳೆದುಹೋದೀತೆಂದು ಅವಳು ಅದನ್ನು ಹೆಕ್ಕಿ ಕುರ್ತಾದ ಜೇಬಿಗೆ ಹಾಕಿಕೊಂಡು, ಕಂಬಳಿಯನ್ನು ಮೇಜಿನ ಮೇಲೆ ಹರಡಿದಳು.

ಹರಡಿದ ಕೈ ಅಲ್ಲೇ ನಿಂತಿತು.

“ಯಾಕ್ರಿ ಮೇಡಂ, ಬೆಳಕ ಸಾಲೂದಿಲ್ಲೇನ್ರಿ?” ಎಂದರು ಹೆಡ್‌ಮಾಸ್ತರ ಮಹಾಂತ ಗುರೂಜಿ. ಫೋಟೊ ಚೆನ್ನಾಗಿ ಬರಲೆಂದು ಅವರೇ ಕಿಟಕಿಯ ಬಾಗಿಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಗಾಳಿಗೆ ಅದು ಹೊಡೆದುಕೊಳ್ಳುತ್ತಿತ್ತು.

“ಬೆಳಕ ಭಾಳ ಅದ್ರಿ ಗುರೂಜಿ,” ಎಂದಳು ಸೋನಾಲಿ.

ಹೋದ ವಾರ ಅವಳು ಮುಟ್ಟಿದ ಕಂಬಳಿ ಹಳೆಯ ಸೀರೆಯಂತೆ ಮೆತ್ತಗಿತ್ತು. ಭಂಡಾರ, ಅಂದರೆ ದೇವರ ಅರಿಷಿಣ, ಎಳೆಯೆಳೆಗೂ ಇಳಿದು ಕರಿಯ ಉಣ್ಣೆ ಕಂದಾಗಿತ್ತು. ಇದು ತಗಡಿನಂತೆ ಸೆಟೆದಿತ್ತು. ಮೂಗಿಗೆ ಹಿಡಿದರೆ ಬೇವಿನ ಅಡಿಯಲ್ಲಿ ಇನ್ನೊಂದು ವಾಸನೆ, ಹುಣಸೆಬೀಜದ ಗಂಜಿಯದು. ನೇಕಾರರು ಹೊಸ ಕಂಬಳಿಗೆ ಕುಡಿಸುವ ಗಂಜಿ ಅದು; ಒಂದು ಮಳೆಗಾಲ ಕಂಡರೆ ಹೋಗಿಬಿಡುತ್ತದೆ. ಅವಳು ಕಂಬಳಿಯನ್ನು ಒಮ್ಮೆ ಕೊಡವಿದಳು. ಮೇಲಿದ್ದ ಅರಿಷಿಣವೆಲ್ಲ ಹಿಟ್ಟಿನಂತೆ ಉದುರಿ ನೆಲಕ್ಕೆ ಬಿತ್ತು.

ಒಂದು ಮೂಲೆಯಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಅಂಗೈಯಗಲದ ತುಂಡು ಹಳೆಯ ಕಂಬಳಿಯಲ್ಲೂ ಇರಲಿಲ್ಲ, ಇದರಲ್ಲೂ ಇಲ್ಲ.

ಯಾರೋ ಕಂಬಳಿ ಬದಲಿಸಿದ್ದರು.

ಮೊನ್ನೆ ಮುಂಜಾನೆ ಕುರಿ ಕಾಯುವ ಅಮೋಗಸಿದ್ದಜ್ಜ ಶಾಲೆಯ ಹಿಂದಿನ ಬಾವಿಗೆ ಬಿದ್ದು ಎಚ್ಚರ ತಪ್ಪಿದ್ದ. ಅದೇ ಹೊತ್ತಿಗೆ ಶಾಲೆಯ ವೆಬ್‌ಸೈಟಿನಿಂದ ಅವನ ಮಾತಿನ ವಿಡಿಯೊ, ಈ ಕಂಬಳಿಯ ಫೋಟೊ ಎರಡೂ ಅಳಿಸಿಹೋಗಿದ್ದವು. ಪೊಲೀಸರು ಮೊದಲನೆಯದನ್ನು ಕಾಲು ಜಾರಿದ್ದು ಎಂದರು. ಎರಡನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ.

“ಗುರೂಜಿ, ವೆಬ್‌ಸೈಟಿನ ಪಾಸ್‌ವರ್ಡ್ ನಿಮಗೊಬ್ಬರಿಗೇ ಹೇಳಿದ್ದೆ. ಮತ್ತ ಯಾರಿಗೆ ಗೊತ್ತದ?”

ಮಹಾಂತ ಗುರೂಜಿ ಕಿಟಕಿಯ ಹೊರಗೆ ನೋಡಿದರು.

“ಮರೀತದಂತ ಹೇಳಿ ಒಂದ ಚೀಟಿ ಬರದು ಕಂಪ್ಯೂಟರಿಗೆ ಹಚ್ಚೀನ್ರಿ.”

“ಎದಕ್ಕ?”

“ಕಂಪ್ಯೂಟರಿಗೇ ರೀ. ಪಡದೇದ ಮ್ಯಾಲೆ. ದೊಡ್ಡ ಅಕ್ಷರದಾಗ.”

ಸೋನಾಲಿಗೆ ನಗುವೂ ಬಂತು, ಅಳುವೂ ಬಂತು. ಆಫೀಸಿಗೆ ಚಹಾ ಕುಡಿಯಲು ಬಂದವರೆಲ್ಲ ಈ ಶಾಲೆಯ ಇತಿಹಾಸವನ್ನು ಅಳಿಸಬಹುದಾಗಿತ್ತು.

ಸೋನಾಲಿ ಇದೇ ಶಾಲೆಯಲ್ಲಿ ಕಲಿತವಳು. ತಾಲೂಕಿನ ಊರಾದ ಜತ್ತದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸೇವಾ ಕೇಂದ್ರ ನಡೆಸುತ್ತಾಳೆ. ಶಾಲೆಗೆ ನೂರು ತುಂಬುವ ಹೊತ್ತಿಗೆ ಅದಕ್ಕೊಂದು ವೆಬ್‌ಸೈಟು ಮಾಡಿಕೊಡುವೆನೆಂದು ತಾನಾಗಿ ಮುಂದೆ ಬಂದವಳು. ಹಳೆಯ ಗಂಟೆಯ ಸದ್ದನ್ನು ರೆಕಾರ್ಡು ಮಾಡಿ ಹಾಕಿದಳು. ಪುಣೆ, ಸೊಲ್ಲಾಪುರ ಸೇರಿದ ಹಳೆಯ ವಿದ್ಯಾರ್ಥಿಗಳಿಂದ ಫೋಟೊ ತರಿಸಿದಳು. ಈಗ ಮಕ್ಕಳೆಲ್ಲ ಮರಾಠಿ, ಇಂಗ್ಲಿಷ್ ಶಾಲೆಗಳ ಕಡೆ ನಡೆದು ಇಲ್ಲಿ ಬೆಂಚುಗಳು ಖಾಲಿ ಬಿದ್ದಿದ್ದವು. ನಾಳೆ ಬಾಗಿಲು ಮುಚ್ಚಿದರೂ ಇಂಥದೊಂದು ಶಾಲೆ ಇತ್ತೆಂಬುದು ಎಲ್ಲಾದರೂ ಉಳಿಯಲಿ ಎಂಬ ಆಸೆ.

ಎಲ್ಲ ಪುಟಗಳೂ ತುಂಬಿದ್ದವು. ‘ಜಾಗ ಕೊಟ್ಟವರು’ ಎಂಬಲ್ಲಿ ಮಾತ್ರ ಒಂದು ಸಾಲು ಬರಿದಾಗಿತ್ತು.

ಆ ಒಂದು ಸಾಲಿಗಾಗಿಯೇ ಅವಳು ಅಮೋಗಸಿದ್ದಜ್ಜನ ಕುರಿದೊಡ್ಡಿಗೆ ಹೋದದ್ದು. ಅಜ್ಜ ಮೊಬೈಲಿನ ಎದುರು ಕೂತು, ಈ ನೆಲ ಕೊಟ್ಟವನು ತನ್ನ ಮುತ್ತ್ಯಾ ಎಂದು ಹೇಳಿದ. ಆಮೇಲೆ ಕೈ ಎತ್ತಿದ.

“ಅದನ್ನ ಬಂದ್ ಮಾಡವ್ವಾ. ಇನ್ನ ಮುಂದಿಂದು ದೇವರ ಮಾತು.”

ಅವಳು ಮೊಬೈಲು ಕೆಳಗಿಟ್ಟಳು.

“ನಮ್ಮ ಮುತ್ತ್ಯಾ ಕಾಗದಾ ಬರದು ಕೊಡ್ಲಿಲ್ಲ. ಅವಂಗ ಬರೀಲಿಕ್ಕ ಎಲ್ಲಿ ಬರತಿತ್ತು? ಹೆಗಲ ಮ್ಯಾಲಿನ ಕಂಬಳಿ ಹಾಸಿ, ಭಂಡಾರ ಚೆಲ್ಲಿ, ಈ ನೆಲಾ ಮಕ್ಕಳದು ಅಂದ. ಮೂಲಿ ಕತ್ತರಿಸಿ ತಾ ಇಟಗೊಂಡ, ಕಂಬಳಿ ಸಾಲಿಗೆ ಕೊಟ್ಟ. ಆ ಮೂಲಿ ನಮ್ಮ ದೇವರ ಜಗಲಿ ಮ್ಯಾಲೆ ಅದ. ನೂರ ವರ್ಷದ ಕಾರ್ಯಕ್ರಮದ ದಿವಸ ತಂದು ಎಲ್ಲಾರ ಮುಂದ ಜೋಡಸ್ತೀನಿ. ಅಲ್ಲೀತನಾ ಯಾರಿಗೂ ಹೇಳಬ್ಯಾಡ.”

ಕತ್ತರಿಸಿದ ಅಂಚಿಗೆ ಅಂಚು ಕೂಡಿದರೆ ಮಾತು ಖರೆ. ಕೂಡದಿದ್ದರೆ?

ಸೋನಾಲಿಗೆ ಈಗ ಹೊಳೆಯಿತು. ಕಂಬಳಿ ಕದ್ದಿದ್ದರೆ ಅದು ಕಳ್ಳತನವಾಗುತ್ತಿತ್ತು, ಊರು ಬೊಬ್ಬೆ ಹಾಕುತ್ತಿತ್ತು. ಬದಲಿಸಿದರೆ ಕಳ್ಳನೇ ಇಲ್ಲ. ಎಲ್ಲರೆದುರು ಅಂಚು ಕೂಡದೆ ಅಮೋಗಸಿದ್ದಜ್ಜ ಸುಳ್ಳನಾಗುತ್ತಾನೆ. ಅವನ ಜೊತೆ ಅವನ ಮುತ್ತ್ಯಾನೂ, ನೂರು ವರ್ಷದ ಹಿಂದಿನ ಆಣೆಯೂ.

ಎಷ್ಟು ಅಚ್ಚುಕಟ್ಟಾದ ಕೆಟ್ಟತನ!

ಅಷ್ಟರಲ್ಲಿ ಮೊಬೈಲು ಅದುರಿತು. ಅಜ್ಜನ ಮಗ ರೇವಣ್ಣ, ಜತ್ತದ ದವಾಖಾನೆಯಿಂದ. ಅವನೂ ಹೆಂಡತಿ ಹಾಲವ್ವನೂ ಮೊನ್ನೆಯಿಂದ ಅಲ್ಲೇ ಇದ್ದರು.

“ಅಕ್ಕಾ, ಅಪ್ಪ ಕಣ್ಣ ತಗದಾನ!” ಎಂದ ರೇವಣ್ಣ. “ಏನೋ ಹೇಳಾಕ ಬಾಯಿ ತಗೀತಾನ, ಮಾತ ಹೊಂಡವಲ್ದು. ಹಾಲವ್ವ ಅಳಾಕ ಹತ್ಯಾಳ.”

“ಅಳಬ್ಯಾಡ ಅನ್ನು. ರೇವಣ್ಣ, ನಾ ಹೇಳೂದು ಕೇಳು. ಅವತ್ತ ಮುಂಜಾನೆ ಅಪ್ಪನ್ನ ಬಾವಿ ಕಡೆ ಕರದವರು ಯಾರಂತ ಗೊತ್ತಾತೇನು?”

“ಇಲ್ಲಕ್ಕಾ. ಸಾಲಿ ಕಡೆ ಹೋಗಿ ಬರ್ತೀನಿ ಅಂದ, ಚಾ ಸುದ್ದಾ ಕುಡೀದ ಹೋದ.”

“ಹಂಗಾದ್ರ ಯಾರನ್ನೂ ಒಳಗ ಬಿಡಬ್ಯಾಡ. ಸಾಲಿ ಜಾಗದ ಮ್ಯಾಲೆ ಕಣ್ಣಿಟ್ಟ ಅಪ್ಪಾಸಾಹೇಬರ ಕಡೆಯವರು ಹಣ್ಣ ಹಿಡಕೊಂಡ ಬಂದ್ರೂ ಬಿಡಬ್ಯಾಡ. ನಾ ಮಾಸ್ತರನ್ನ ಕಳಸ್ತೀನಿ.”

ಶಿವಯೋಗೆಪ್ಪ ಮಾಸ್ತರರ ಮನೆ ದವಾಖಾನೆಯ ಹಿಂದಿನ ಓಣಿಯಲ್ಲೇ. ಬಸರಿಮಟ್ಟಿಯ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ವೆಬ್‌ಸೈಟಿನ ಇತಿಹಾಸದ ಪುಟವೆಲ್ಲ ಅವರು ಹೇಳಿದ್ದು, ಇವಳು ಬರೆದದ್ದು. ಅದಕ್ಕಾಗಿ ವಾರಕ್ಕೊಮ್ಮೆ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದರು. ಮೊನ್ನೆ ಬಾವಿಯ ಬಳಿ ಮೊದಲು ಕೂಗು ಹಾಕಿದವರೂ ಅವರೇ, ಜೀಪು ತರಿಸಿದವರೂ ಅವರೇ. ಜತ್ತ ಮುಟ್ಟುವ ತನಕ ಅಜ್ಜನ ತಲೆ ಅವರ ತೊಡೆಯ ಮೇಲಿತ್ತು. ಅವಳು ಅಜ್ಜನ ಮಾತು ಕೇಳಿ ಬಂದ ಸಂಜೆ, ಮೂಲೆ ಕತ್ತರಿಸಿದ ಕಥೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಅವರೆದುರು ಹೇಳುವಾಗ, ಮುದುಕರ ಕಣ್ಣು ತುಂಬಿ ಬಂದಿದ್ದನ್ನು ಅವಳು ಮರೆತಿರಲಿಲ್ಲ.

ಮಾಸ್ತರರು ಮೊದಲ ರಿಂಗಿಗೇ ಫೋನು ಎತ್ತಿದರು.

“ಈಗ ಹೊಂಟೆ ಮಗಳ. ಹಾಲವ್ವ ಅವತ್ತಿನಿಂದ ಸರಿಯಾಗಿ ಉಂಡಿಲ್ಲ. ಎರಡ ರೊಟ್ಟಿ ಕಟಗೊಂಡೇ ಹೋಗ್ತೀನಿ. ನೀ ಹೇಳಿದ್ದು ಚಲೋ ಆತು.”

ಸೋನಾಲಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಹೊರಗೆ ನಿಜವಾದ ಕಲ್ಲೊಂದು ಇಳಿಯುತ್ತಿತ್ತು. ಟೆಂಪೊದಿಂದ ನಾಲ್ಕು ಆಳುಗಳು ಒಂದು ಕರಿಯ ಫಲಕವನ್ನು ಹಗುರಾಗಿ ಇಳಿಸಿ ಬೇವಿನ ಮರಕ್ಕೆ ಆನಿಸಿದರು. ಪಕ್ಕದಲ್ಲಿ ಬಿಳಿ ಬಟ್ಟೆಯ ಅಪ್ಪಾಸಾಹೇಬರು. ಬೇದಾಣೆಯ, ಅಂದರೆ ಒಣದ್ರಾಕ್ಷಿಯ ವ್ಯಾಪಾರಿ, ಶತಮಾನೋತ್ಸವ ಸಮಿತಿಯ ಅಧ್ಯಕ್ಷ.

“ಬರ್ರಿ ಗುರೂಜಿ, ಬಾ ತಂಗಿ ಸೋನಾಲಿ. ಕಲ್ಲ ಹ್ಯಾಂಗ ಕೆತ್ಯಾರ ನೋಡ್ರಿ.”

ಬಂಗಾರದ ಬಣ್ಣದ ಅಕ್ಷರ: ಈ ಶಾಲೆಗೆ ಭೂಮಿದಾನ ಮಾಡಿದ ಮಹಾನುಭಾವರು, ಶ್ರೀ ವೀರಸಂಗಪ್ಪ ಶೇಠಜಿ.

“ನಿಮ್ಮ ಅಜ್ಜ ಅಲ್ರಿ?” ಎಂದಳು ಸೋನಾಲಿ.

“ನಮ್ಮಜ್ಜನ. ವೆಬ್‌ಸೈಟಿನಾಗ ಆ ಖಾಲಿ ಸಾಲದಲಾ, ಅದರಾಗ ಇದನ್ನ ಬರದಬಿಡು. ಕಾರ್ಯಕ್ರಮಕ್ಕಿಂತ ಮೊದಲ ಆಗ್ಲಿ.”

“ಯಾಕಷ್ಟ ಅವಸರ ರೀ? ಕಲ್ಲಿಂದ ಸಾಲಲಿಲ್ಲೇನು?”

ಅಪ್ಪಾಸಾಹೇಬರು ನಕ್ಕರು. “ಕಲ್ಲ ಬಸರಿಮಟ್ಟಿ ಮಂದಿ ನೋಡ್ತಾರ, ತಂಗಿ. ಮೊಬೈಲಿನಾಗಿಂದು ಸಾಹೇಬ್ರು ನೋಡ್ತಾರ. ಅದರಾಗ ಬಂತಂದ್ರ ಅದ ಖರೆ. ಉಳಿದದ್ದು ಚಾದ ಅಂಗಡಿ ಮಾತು.”

“ಸಾಲಿ ಮುಚ್ಚಿದ್ರ ಜಾಗಾ ಕೊಟ್ಟವರ ಮನೀಗೆ ತಿರುಗಿ ಹೋಗ್ತದಂತ ಹಳೇ ಮಾತದ. ಅದೂ ಚಾದ ಅಂಗಡಿ ಮಾತೇನ್ರಿ?”

ಕಲ್ಲು ಹೊತ್ತಿದ್ದ ಆಳುಗಳಲ್ಲೊಬ್ಬ ಕೆಮ್ಮಿದ. ಶಾಲೆಯ ಮುಂದಿನ ಬಂಡಿದಾರಿ ಈಗ ಅಗಲವಾದ ಡಾಂಬರು ರಸ್ತೆಯಾಗಿತ್ತು. ಅದರ ಬದಿಯ ನೆಲದ ಕಿಮ್ಮತ್ತು ಆ ಆಳಿಗೂ ಗೊತ್ತಿತ್ತು. ಜಮೀನಿನ ಸರಕಾರಿ ದಾಖಲೆಯಾದ ಸಾತಬಾರಾ ಉತಾರದಲ್ಲಿ ಶಾಲೆಯ ಹೆಸರಷ್ಟೇ ಇತ್ತು. ಕೊಟ್ಟವರ ಹೆಸರು ಇರಲಿಲ್ಲ.

“ತಂಗಿ, ನೀ ಭಾಳ ಶ್ಯಾಣ್ಯಾಕಿ ಅದಿ,” ಎಂದರು ಅಪ್ಪಾಸಾಹೇಬರು. ನಗು ಇತ್ತು, ಆದರೆ ಕಣ್ಣಿನಿಂದ ಇಳಿದುಬಿಟ್ಟಿತ್ತು.

“ಅಮೋಗಸಿದ್ದಜ್ಜನ್ನ ಬಾವಿ ಕಡೆ ಕರದವರು ಯಾರ್ರಿ?”

“ಅದನ್ನ ನನಗ ಕೇಳ್ತಿ? ಅವತ್ತ ನಾ ತಾಸಗಾಂವದಾಗಿದ್ದೆ, ಬೇದಾಣೆ ಸೌದಾಕ್ಕ. ಪೇಟ್ಯಾಗ ಹತ್ತ ಮಂದಿ ನೋಡ್ಯಾರ. ಮುದುಕನ ಔಷಧಕ್ಕ ರೊಕ್ಕಾ ಕೊಟ್ಟು ಕಳಿಸೀನಿ, ಆ ರೇವಣ್ಣ ನನ್ನ ಮಾರೀಗೆ ಒಗದಾನ. ಕುರುಬರ ಸಿಟ್ಟು ಹಂಗ!”

“ಮಾರೀಗೆ ಒಗೀದ ಏನ ಮಾಡ್ಬೇಕ್ರಿ? ಅವರ ಮುತ್ತ್ಯಾನ ಹೆಸರ ಅಳಿಸಿ ನಿಮ್ಮಜ್ಜಂದು ಕೆತ್ತೀರಿ.”

“ಕುರಿ ಕಾಯೂ ಮಂದಿ ಸಾಲಿಗೆ ಜಾಗಾ ಕೊಡ್ತಾರೇನು? ತಾವ ಸಾಲಿ ಮೆಟ್ಟಲಾ ಹತ್ತಿಲ್ಲ!”

“ಹತ್ತಲಿಲ್ಲಂತ ಕೊಟ್ರು.”

ಮಹಾಂತ ಗುರೂಜಿ ಗಂಟಲು ಸರಿಮಾಡಿಕೊಂಡು, ಚಹಾ ತರಿಸಲೇ ಎಂದು ಕೇಳಿದರು.

ಸೋನಾಲಿ ಒಳಗೆ ಹೋಗಿ ಕಂಬಳಿ ಎತ್ತಿಕೊಂಡು ಬಂದಳು. ಅಪ್ಪಾಸಾಹೇಬರ ಎದುರಿಗೆ, ಬಂಗಾರದ ಅಕ್ಷರಗಳ ಮೇಲೆಯೇ ಅದನ್ನು ಬಿಡಿಸಿ ಹಾಕಿದಳು. ಕತ್ತರಿಸಿದ ಮೂಲೆ ಅವರ ಕಣ್ಣೆದುರು ಜೋತು ಬಿತ್ತು. ಅವಳು ಮೂಲೆಯನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದಳು. ಬೆದರುವ ಕಣ್ಣು ಎಲ್ಲಿ ಹೊರಳುತ್ತದೆಂದು ಕಾಯುತ್ತಿದ್ದಳು.

“ಇದನ್ನ ಯಾರು ಮಾಡ್ಯಾರ, ಹೇಳ್ರಿ.”

ಅಪ್ಪಾಸಾಹೇಬರು ಬಗ್ಗಿ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದರು. ಮುಖ ಸಿಂಡರಿಸಿದರು.

“ಯಾರ ಮಾಡ್ತಾರ? ಇಲಿ. ಗುರೂಜಿ, ಇಂಥಾದ್ದನ್ನ ಕಾರ್ಯಕ್ರಮಕ್ಕ ಬರೂ ಪಾಹುಣೇರ ಮುಂದ ಇಡಬ್ಯಾಡ್ರಿ, ನಾಚಿಗೇಡು. ಸಾಲಿಗೆ ಒಂದ ಕಂಬಳಿ ಬೇಕಂದ್ರ ನಾ ಹೊಸಾದು ತರಸ್ತೀನಿ.”

ಆ ಮಾತಿನಲ್ಲಿ ನಟನೆ ಇರಲಿಲ್ಲ. ಇಲಿ ಕಡಿದ ಕಂಬಳಿ ಕಂಡ ಶ್ರೀಮಂತನ ಹೇಸಿಗೆ ಮಾತ್ರ ಇತ್ತು.

ಸೋನಾಲಿ ಕಂಬಳಿಯ ಅಂಚನ್ನು ಅವರ ಬೆರಳಿನಿಂದ ಬಿಡಿಸಿಕೊಂಡಳು.

ಮೂಲೆಯ ಗುಟ್ಟೇ ಗೊತ್ತಿಲ್ಲದವನಿಗೆ ಕಂಬಳಿ ಬದಲಿಸುವ ಗರಜೇನಿತ್ತು? ಅವನ ಪಾಲಿಗೆ ಇದೊಂದು ಚಿಂದಿ. ಬದಲಿಸಿದವನಿಗೆ ಅಂಚಿಗೆ ಅಂಚು ಕೂಡಿಸುತ್ತಾರೆಂಬುದು ಗೊತ್ತಿರಬೇಕು. ಗೊತ್ತಿದ್ದವರು ಅಜ್ಜನ ಮನೆಯವರು, ತಾನು, ಮತ್ತು...

ಬೇಡ. ಆ ಕಡೆ ಮನಸ್ಸು ಹೋಗಲಿಲ್ಲ. ಹೋಗಲು ಅವಳು ಬಿಡಲಿಲ್ಲ.

“ಅಪ್ಪಾಸಾಹೇಬ್ರ, ನಿಮ್ಮಜ್ಜ ಜಾಗಾ ಕೊಟ್ಟದ್ದು ಅಂತ ನಿಮಗ ಯಾರು ಹೇಳಿದ್ರು?”

“ಯಾರ ಹೇಳ್ಬೇಕು? ನಮ್ಮಜ್ಜ ಭಾಳ ಧರ್ಮಿಷ್ಠ ಇದ್ದ...”

“ಕೆತ್ತಿಸಾಕ ಧೈರ್ಯಾ ಯಾರು ಕೊಟ್ರು? ಯಾರರ ಹೂಂ ಅಂದಿರ್ಬೇಕಲ್ರಿ.”

ಅಪ್ಪಾಸಾಹೇಬರು ಅವಳನ್ನು ಒಂದು ಥರ ನೋಡಿದರು. ಅವರ ದನಿಯಲ್ಲಿ ಮೊದಲ ಬಾರಿಗೆ ಸ್ವಲ್ಪ ಕನಿಕರ ಇಣುಕಿತು.

“ನಿನಗ ಹೇಳಿಲ್ಲೇನು? ನಾ ಅವರ ಮುಂದ ಮಾತಿಟ್ಟೆ. ಕಲ್ಲಿನ ಮ್ಯಾಲೆ ನಮ್ಮಜ್ಜನ ಹೆಸರ ಬರ್ಲಿ, ಸಾಲಿಗೆ ಹೊಸಾ ಕಟ್ಟಡ ಕಟ್ಟಸ್ತೀನಿ, ಮುಚ್ಚಾಕ ಬಂದವರನ್ನ ನಾ ನೋಡ್ಕೋತೀನಿ ಅಂದೆ. ಅವರು ಭಾಳ ಹೊತ್ತ ಸುಮ್ನ ಕುಂತ್ರು. ಕಡೀಕ, ಸಾಲಿ ಉಳೀತದಂದ್ರ ಯಾರ ಹೆಸರಿದ್ರೇನು ಅಂದ್ರು. ಬಾಕಿದ್ದು ನಾ ನೋಡ್ತೀನಿ, ನೀವು ಕಲ್ಲ ಕೆತ್ತಸ್ರಿ ಅಂದ್ರು.”

“ಯಾರು?”

“ಶಿವಯೋಗೆಪ್ಪ ಮಾಸ್ತರ್ರು. ಮತ್ತ ಯಾರು?”

ಬೇವಿನ ಮರದಲ್ಲಿ ಗಾಳಿ ಹಾಯ್ದುಹೋಯಿತು. ಒಂದೆರಡು ಎಲೆ ಕಂಬಳಿಯ ಮೇಲೆ ಬಿದ್ದವು. ಸೋನಾಲಿ ಅವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಜೇಬಿಗೆ ಕೈ ಹಾಕಿದಳು.

ಹಳೆಯ ಧೋತರದ ಚೂರು. ಮೂರು ಎಳೆಯ ಗಂಟು.

ಅವಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಮಾಸ್ತರರು ತಮ್ಮ ಹರಿದ ಧೋತರವನ್ನು ತರಗತಿಗೆ ತಂದು ಚೂರು ಮಾಡಿ ಹಂಚುತ್ತಿದ್ದರು. ಎಲೆಯನ್ನು ನೆರಳಲ್ಲಿ ಒಣಗಿಸಬೇಕು, ಕಡ್ಡಿ ಬಿಡಿಸಬೇಕು, ಹಾಳೆಗೆ ಕಲೆಯಾಗದಂತೆ ಬಟ್ಟೆಯಲ್ಲೇ ಕಟ್ಟಬೇಕು. “ನಾವು ಓದೂದರೊಳಗ ಹುಳಾ 'ಓದಿ' ಮುಗಸಬಾರದ್ರೋ,” ಎನ್ನುವರು. ಮಕ್ಕಳು ನಗುವರು. ಗಂಟು ಹಾಕಲು ಬಾರದ ಸೋನಾಲಿಯ ಬೆರಳು ಹಿಡಿದು ಕಲಿಸಿದ್ದರು. ಆ ಗಂಟುಗಳೇ ಇಂದಿಗೂ ಕಪಾಟುಗಳಲ್ಲಿವೆ. ಅವರು ನಿವೃತ್ತರಾದ ಮೇಲೆ ಯಾರೂ ಹೊಸದು ಕಟ್ಟಿಲ್ಲ. ಬಿಚ್ಚಿದರೆ ಒಳಗೆ ಬರೀ ಕಂದು ಪುಡಿ. ವಾಸನೆ ಎಂದೋ ಹೋಗಿದೆ.

ವಾಸನೆ ಎಂದೋ ಹೋಗಿದೆ!

ಹಾಗಾದರೆ ಇವತ್ತು ಟ್ರಂಕಿನಿಂದ ಗಮ್ಮೆಂದು ಬಂದದ್ದು?

ಅವಳು ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಅಂಗೈಗೆ ಎಲೆಗಳು ಸುರಿದವು. ಕಡ್ಡಿ ಬಿಡಿಸಿ, ನೆರಳಲ್ಲಿ ಒಣಗಿಸಿದ ಎಲೆ. ಹಸಿರು ಇನ್ನೂ ಆರಿರಲಿಲ್ಲ.

ಸುಳ್ಳು ಕಂಬಳಿಯನ್ನು ತಂದಿಟ್ಟವರು, ಅದಕ್ಕೂ ಹುಳು ಹತ್ತದಿರಲೆಂದು ಬೇವು ಇಟ್ಟು ಹೋಗಿದ್ದರು. ಎಂಬತ್ತರ ಹತ್ತಿರದ ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ. ಶಾಲೆಯ ಟ್ರಂಕಿನಲ್ಲಿ ಏನನ್ನಿಟ್ಟರೂ ಬೇವು ಇಡದೆ ಮುಚ್ಚಳ ಹಾಕಿ ಗೊತ್ತಿರದ ಕೈ ಅದು.

ಬೇರೆ ಯಾವ ಕಳ್ಳನೂ ಇಷ್ಟು ಅಕ್ಕರೆಯಿಂದ ಕದಿಯುತ್ತಿರಲಿಲ್ಲ.

ಅಮೋಗಸಿದ್ದಜ್ಜ ಚಹಾ ಕೂಡ ಕುಡಿಯದೆ ಎದ್ದು ಹೋಗುವುದು ಯಾರ ಕರೆಗೆ? ಬಾವಿಯ ಬಳಿ ಮೊದಲು ಕೂಗು ಹಾಕಿದವರು, ಮೊದಲು ಅಲ್ಲಿ ಇದ್ದುದಾದರೂ ಯಾಕೆ?

“ತಂಗಿ, ಯಾಕ ಹಿಂಗ ಬೆವತಿ? ನೀರ ಕುಡಿ,” ಎಂದರು ಅಪ್ಪಾಸಾಹೇಬರು. ಬಾಟಲಿಯ ಮುಚ್ಚಳವನ್ನು ತಾವೇ ತಿರುವಿ ಅವಳ ಕೈಗೆ ಕೊಟ್ಟರು. ಕೆಟ್ಟ ಮನುಷ್ಯ ಎಂದು ಅವಳು ಬೆಳಗಿನಿಂದ ಶಪಿಸಿದ್ದ ಕೈ ಅದು.

“ನಿಮ್ಮ ಗಾಡಿ ಬೇಕ್ರಿ. ಜತ್ತಕ್ಕ. ಲಗೂನ.”

ಅಪ್ಪಾಸಾಹೇಬರು ತಕ್ಷಣ ಡ್ರೈವರನನ್ನು ಕೂಗಿದರು.

ಓಡುತ್ತಲೇ ಅವಳು ರೇವಣ್ಣನ ನಂಬರು ಒತ್ತಿದಳು. ರಿಂಗಾಯಿತು, ನಿಂತಿತು. ಮತ್ತೆ ಒತ್ತಿದಳು. ಯಾರನ್ನೂ ಒಳಗೆ ಬಿಡಬೇಡ ಎಂದವಳು ತಾನೇ. ಬಾಗಿಲು ತೆಗೆದು ಮಾಸ್ತರರನ್ನು ಕಳಿಸಿದವಳೂ ತಾನೇ.

ಮೂರನೆಯ ಸಲ ಆ ಕಡೆಯಿಂದ ಫೋನು ಎತ್ತಿದರು.

“ರೇವಣ್ಣ! ಮಾಸ್ತರ್ರು ಎಲ್ಲಿ?”

“ನಾನ ಮಗಳ, ಮಾತಾಡಾವ,” ಎಂದಿತು ಮೆಲುವಾದ, ಪರಿಚಯದ ಧ್ವನಿ. “ರೇವಣ್ಣ, ಹಾಲವ್ವ ಇಬ್ಬರ್ನೂ ನಮ್ಮ ಮನೀಗೆ ಕಳಿಸೀನಿ. ಜಳಕಾ ಮಾಡಿ ಎರಡ ತುತ್ತ ಉಂಡು ಬರ್ಲಿ ಪಾಪ. ಅವಸರದಾಗ ಫೋನ ಇಲ್ಲೇ ಬಿಟ್ಟ ಹೋಗ್ಯಾನ.”

“ಮಾಸ್ತರ್ರ... ಅಜ್ಜ?”

“ಎಚ್ಚರ ಅದಾನ. ನನ್ನನ್ನ ನೋಡಾಕತ್ಯಾನ. ಏನೋ ಹೇಳ್ಬೇಕಂತಾನ.”

“ನಾ ಬರಾಕತ್ತೀನ್ರಿ. ನಾ ಬರೂತನಾ ನೀವು ಹೊರಗ ಕುಂದ್ರಿ. ಕೈ ಮುಗೀತೀನಿ, ಹೊರಗ ಕುಂದ್ರಿ.”

ಆ ಕಡೆ ಉಸಿರು ಕೇಳಿಸಿತು. ಅದು ಮಾಸ್ತರರದೋ, ಅಜ್ಜನದೋ ತಿಳಿಯಲಿಲ್ಲ.

“ಟ್ರಂಕ ತಗದಿ ಅಂತ ಕಾಣ್ತದ,” ಎಂದರು ಮಾಸ್ತರರು.

ಸೋನಾಲಿ ಗಾಡಿಯ ಬಾಗಿಲು ಎಳೆದುಕೊಂಡಳು.

“ಇವಂಗ ಭಾಳ ಥಂಡಿ ಹತ್ತೇದ ಮಗಳ. ಗಡಗಡ ನಡಗಾಕತ್ತಿದ್ದ. ಅದಕ್ಕ ಅವರ ಮುತ್ತ್ಯಾನ ಕಂಬಳಿನ ತಂದೀನಿ.” ಒಂದು ಬಾಗಿಲಿನ ಅಗುಳಿ ಬಿದ್ದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. “ಈಗ ಮಾರೀ ಮ್ಯಾಲೂ ಹೊಚ್ಚೀನಿ.”